ಆರು ಕುಳಿ, ಒಂದು ಹಿಂಡು

ಜೂನ್ ೨, ೧೯೯೮, ಮಂಗಳವಾರ

ಈ ಡೈರಿ ಕಾರ್ಖಾನೆಯವರು ಜನವರಿಯಲ್ಲಿ ಕೊಟ್ಟದ್ದು. ಐದು ತಿಂಗಳು ಕಾಶಿಂಬಿ ಇದನ್ನು ಹಾಲಿನ ಪಾತ್ರೆಗೆ ಮುಚ್ಚಳ ಮಾಡಿಕೊಂಡಿದ್ದಳು. ಇವತ್ತು ಸೆರಗಿನಿಂದ ಒರೆಸಿ ನನ್ನ ಮುಂದಿಟ್ಟು, "ದಿನಾ ನನ್ನ ತಲಿ ತಿನ್ನೂದಕಿಂತ ಇದರಾಗ ಬರಕೋರಿ. ನನ್ನ ಕಿವಿಗೂ ಒಂಚೂರು ಆರಾಮ ಆಗಲಿ" ಎಂದಳು. ಮನೆಯಲ್ಲಿ ನಾವು ಆಡುವುದು ಅರ್ಧ ಉರ್ದು, ಅರ್ಧ ಕನ್ನಡ. ಆದರೆ ನಾನು ಏಳನೇ ಇಯತ್ತೆಯವರೆಗೆ ಬೈಲಹೊಂಗಲದ ಕನ್ನಡ ಸಾಲೆಯಲ್ಲಿ ಕಲಿತವನು. ಪೆನ್ನಿಗೆ ಬರುವುದು ಕನ್ನಡವೇ.

ತಲೆ ತಿನ್ನುವುದಕ್ಕೆ ಕಾರಣವಿಲ್ಲವೇ? ಹುಸೇನಪೀರ ನದಾಫ, ಇಪ್ಪತ್ತೆರಡು ವರ್ಷ ಲಾರಿ ಓಡಿಸಿದವನು, ಇವತ್ತಿನಿಂದ ಹುಲ್ಲು ಕಾಯುವ ಕೆಲಸಕ್ಕೆ. ಕಾರ್ಖಾನೆಗೆ ಹೋದ ವರ್ಷ ಆಡಳಿತಾಧಿಕಾರಿಯಾಗಿ ಬಂದವರು ಮಿಲಿಟರಿಯಿಂದ ನಿವೃತ್ತರಾದ ಕರ್ನಲ್ ಸಾಹೇಬರು. ಬೆಂಗಳೂರು ಕಡೆಯವರು. ಹಿಂದಿನ ಬೀಳು ಜಮೀನಿನಲ್ಲಿ ಗಾಲ್ಫ್ ಎಂಬ ಆಟಕ್ಕೆ ಮೈದಾನ ಮಾಡಿಸಿದ್ದಾರೆ. ಅದನ್ನು ನೋಡಿಕೊಳ್ಳುವುದು ನಾನು. ಮೊಣಕಾಲು ಕ್ಲಚ್ ಒತ್ತಲು ಒಲ್ಲೆ ಎನ್ನುತ್ತದಲ್ಲ, ಅದಕ್ಕೆ.

ಮೊಣಕಾಲು ಹೀಗಾದದ್ದು ನನ್ನ ತಪ್ಪಿನಿಂದಲ್ಲ ಎನ್ನುವುದನ್ನು ಇಲ್ಲಿ ಬರೆದಿಡುತ್ತೇನೆ. ಫೆಬ್ರುವರಿಯಲ್ಲಿ ಒಂದು ಬೆಳಿಗ್ಗೆ ಕಬ್ಬಿನ ಲೋಡು ತರುತ್ತಿದ್ದೆ. ಚಚಡಿ ಕ್ರಾಸ್ ಹತ್ತಿರ ಕುರಿ ಹಿಂಡು ದಿಢೀರನೆ ರಸ್ತೆಗೆ ನುಗ್ಗಿತು. ಕುರಿಗಾರ ಮಾಳಪ್ಪ ಗಿಡದ ಕೆಳಗೆ ಮಲಗಿದ್ದ. ಹನ್ನೊಂದು ಕುರಿ ಸತ್ತವು, ಲಾರಿ ತಗ್ಗಿಗೆ ಇಳಿಯಿತು, ನನ್ನ ಕಾಲು ಸ್ಟೇರಿಂಗ್ ಕೆಳಗೆ ಸಿಕ್ಕಿಕೊಂಡಿತು. ಕಾರ್ಖಾನೆಗೆ ಕೊಟ್ಟ ನನ್ನ ಹೇಳಿಕೆಯಲ್ಲೂ ಹೀಗೆಯೇ ಬರೆದಿದೆ, ಕೆಳಗೆ ನನ್ನ ಸಹಿಯೂ ಇದೆ.

ನವೆಂಬರಿನಲ್ಲಿ ಕಬ್ಬು ನುರಿಸುವುದು ಶುರು. ಅಷ್ಟರಲ್ಲಿ ಕಾಲು ನೆಟ್ಟಗಾಗಿ, ಕರ್ನಲ್ ಸಾಹೇಬರು ಒಂದು ಒಳ್ಳೆಯ ಮಾತು ಬರೆದರೆ ಸ್ಟೇರಿಂಗ್ ಮತ್ತೆ ನನ್ನ ಕೈಗೆ. ಅದಕ್ಕಾಗಿ ಐದು ತಿಂಗಳು ಹುಲ್ಲೇನು, ಜಾಲಿಮುಳ್ಳು ಕಾಯಲೂ ತಯಾರಿದ್ದೇನೆ.

ಜೂನ್ ೫, ಶುಕ್ರವಾರ

ಇವತ್ತು ಪಾಠ. ಸಾಹೇಬರು ಮೈದಾನದ ತುಂಬ ಓಡಾಡಿಸಿ ಒಂದೊಂದರ ಹೆಸರು ಹೇಳಿದರು. ನಾನು ಕೋಲೂರಿಕೊಂಡು ಹಿಂದೆ ಹಿಂದೆ. ಮರೆಯಬಾರದೆಂದು ಬರೆದುಕೊಳ್ಳುತ್ತೇನೆ.

ಚೆಂಡು ನಿಂಬೆಹಣ್ಣಿನಷ್ಟು. ಅದನ್ನು ಮೊದಲು ಒಂದು ಕಟ್ಟಿಗೆಯ ಮೊಳೆಯ ಮೇಲೆ ಕೂಡ್ರಿಸುತ್ತಾರೆ. ಮೊಳೆಗೂ ಟೀ ಎನ್ನುತ್ತಾರೆ, ಹೊಡೆಯಲು ಶುರು ಮಾಡುವ ಜಾಗಕ್ಕೂ ಟೀ. ಮುಂದೆ ನೀಟಾಗಿ ಹುಲ್ಲು ಕತ್ತರಿಸಿದ ಪಟ್ಟಿ ಫೇರ್‌ವೇ, ಅದು ಡಾಂಬರು ರಸ್ತೆ ಇದ್ದ ಹಾಗೆ. ಎರಡೂ ಬದಿ ಕತ್ತರಿಸದೆ ಬಿಟ್ಟ ಹುಲ್ಲು ರಫ್, ಅಲ್ಲಿ ಚೆಂಡು ಹೋದರೆ ಹುಡುಕಬೇಕು. ಕೊನೆಯಲ್ಲಿ ನುಣ್ಣಗೆ ಕತ್ತರಿಸಿದ ದುಂಡನೆ ಜಾಗ ಗ್ರೀನ್. ಅದರ ನಡುವೆ ಚೊಂಬಿನ ಬಾಯಿಯಷ್ಟು ಕುಳಿ, ಕುಳಿಯಲ್ಲಿ ಧ್ವಜ. ಚೆಂಡು ಆ ಕುಳಿಗೆ ಬಿದ್ದರೆ ಒಂದು ಮುಗಿಯಿತು. ಇಂಥವು ಹದಿನೆಂಟು ಇರಬೇಕಂತೆ. ನಮ್ಮಲ್ಲಿ ಆರು. ಮೂರು ಸಲ ಸುತ್ತಿದರೆ ಹದಿನೆಂಟಾಗುತ್ತದೆ ಎಂದರು.

ದಾರಿಯಲ್ಲಿ ಬಂಕರ್ ಎಂದು ಮರಳಿನ ತಗ್ಗುಗಳಿವೆ. ತಾವೇ ತೋಡಿಸಿ, ಮರಳು ತುಂಬಿಸಿ, ಅದರಲ್ಲಿ ಚೆಂಡು ಬೀಳದಿರಲಿ ಎಂದು ಒದ್ದಾಡುವುದು. ರಸ್ತೆಯಲ್ಲಿ ತಗ್ಗು ಬಿದ್ದರೆ ನಾವು ಪಿಡಬ್ಲ್ಯುಡಿಯವರ ವಂಶ ಜಾಲಾಡುತ್ತೇವೆ.

ಹುಲ್ಲು ಯಾವುದು ಅಂದರೆ ಕರಕಿ. ನಮ್ಮ ಕಡೆ ರೈತರು ಈ ಕರಕಿ ಕಿತ್ತು ಕಿತ್ತು ಬೆನ್ನು ಬಗ್ಗಿಸಿಕೊಂಡಿದ್ದಾರೆ. ಇವರು ಅದನ್ನು ನೆಟ್ಟು, ನೀರು ಹಾಕಿ, ಕೂದಲು ಬಾಚಿದಂತೆ ಬಾಚುತ್ತಾರೆ.

ದೂರ ಹೊಡೆಯುವ ದೊಡ್ಡ ಕೋಲಿಗೆ ಡ್ರೈವರ್ ಎನ್ನುತ್ತಾರಂತೆ. ಅದನ್ನು ಎರಡು ಸಲ ತಿರುವಿ ನೋಡಿದೆ. ಗ್ರೀನಿನ ಮೇಲೆ ಮೆಲ್ಲಗೆ ದೂಡುವುದು ಪಟರ್. ಕೋಲಿನ ಚೀಲ ಹೊತ್ತು ಹಿಂದೆ ನಡೆಯುವವನು ಕ್ಯಾಡಿ. ಅದೂ ನಾನೇ.

ಜುಮ್ಮಾ ನಮಾಜಿಗೆ ಹಿಂದಿನ ಸಾಲಿನಲ್ಲಿ ಕುರ್ಚಿಯ ಮೇಲೆ ಕೂತೆ. ಎಲ್ಲರೂ ಸಜ್ದಾಕ್ಕೆ ಹಣೆ ನೆಲಕ್ಕೆ ಹಚ್ಚಿದಾಗ ನಾನೊಬ್ಬ ಪಂಚಾಯಿತಿ ಅಧ್ಯಕ್ಷನ ಹಾಗೆ ಕೂತಿದ್ದೆ. ನಾಚಿಕೆಯಾಯಿತು.

ಜೂನ್ ೧೮, ಗುರುವಾರ

ಪಾರ್ ಎಂದರೇನು ಎಂದು ಮೂರು ದಿನದಿಂದ ತಲೆ ಕೆಡಿಸಿಕೊಂಡಿದ್ದೆ. ಇವತ್ತು ಕಾಶಿಂಬಿಗೆ ತಿಳಿಸಿ ಹೇಳಲು ಹೋಗಿ ನನಗೇ ತಿಳಿಯಿತು.

"ಈ ಹಂಡೆ ತುಂಬಾಕ ಎಷ್ಟು ಕೊಡ ನೀರು ಬೇಕು?" ಎಂದೆ.

"ನಾಕು."

"ಆ ನಾಕಕ್ಕ ಪಾರ್ ಅಂತಾರ. ಛಲೋ ಆಡಾಂವ ಇಷ್ಟು ಹೊಡತದಾಗ ಮುಗಸಬೇಕು ಅಂತ ಮೊದಲ ಗೊತ್ತು ಮಾಡಿರತಾರ. ದಾರಿಯಾಗ ನೀರು ಚೆಲ್ಲಕೊಂತ ಬಂದಿ, ಐದು ಕೊಡ ಬೇಕಾತು. ಅದು ಬೋಗಿ. ಮೂರರಾಗ ತುಂಬಿಸಿದಿ, ಅದು ಬರ್ಡಿ."

"ಮೂರರಾಗ ಹೆಂಗ ತುಂಬತೈತ್ರಿ? ತಳದಾಗ ನಿನ್ನಿ ನೀರು ಉಳದಿರಬೇಕು" ಎಂದಳು.

ಸಾಹೇಬರಿಗೆ ಈ ಮಾತು ಹೇಳಿದರೆ ಬಿದ್ದು ಬಿದ್ದು ನಕ್ಕರು. ತಾವು ಯಾವಾಗಾದರೂ ಬರ್ಡಿ ಮಾಡಿದರೆ "ಹುಸೇನ್, ತಳದಲ್ಲಿ ನಿನ್ನೆ ನೀರಿತ್ತು ಅಂತ ನಿನ್ನ ಹೆಂಡತಿಗೆ ಹೇಳು" ಎನ್ನುತ್ತಾರೆ. ಇನ್ನೂ ಒಂದು ಕಲಿತೆ. ಆಟ ಕಡಿಮೆ ಬಲ್ಲವನಿಗೆ ಮೊದಲೇ ಇಷ್ಟು ಹೊಡೆತ ಮಾಫಿ ಕೊಡುತ್ತಾರೆ. ಅದಕ್ಕೆ ಹ್ಯಾಂಡಿಕ್ಯಾಪ್. ಹಾಗಾಗಿ ಹೊಸಬನೂ ಹಳಬನೂ ಜೊತೆಗೆ ಆಡಬಹುದು. ಇದು ಮಾತ್ರ ನ್ಯಾಯದ ಮಾತು ಅನಿಸಿತು.

ಜುಲೈ ೪, ಶನಿವಾರ

ಸಾಹೇಬರಿಗೆ ತಲೆ ಸರಿ ಇದೆಯೋ ಇಲ್ಲವೋ ಎಂದು ಅನುಮಾನ.

ಮೂರನೇ ಕುಳಿಯ ಹತ್ತಿರ ಅವರ ಚೆಂಡು ರಫ್‌ಗೆ ಹೋಗಿತ್ತು. ಅವರು ಒಳಗೆ, ನಾನು ಹತ್ತು ಮಾರು ಹಿಂದೆ. ಬೇರೆ ಒಂದು ನರಪಿಳ್ಳೆ ಇಲ್ಲ. ಹೊಡೆದು ಈಚೆ ಬಂದರು, ಜೇಬಿನಿಂದ ಚೀಟಿ ತೆಗೆದು ಒಂದು ಹೊಡೆತ ಹೆಚ್ಚಿಗೆ ಬರೆದುಕೊಂಡರು.

"ಒಂದ ಸಲ ಹೊಡದ್ರಲ್ರಿ ಸಾಹೇಬ್ರ?"

"ಹೊಡೆಯೋಕೆ ನಿಂತಾಗ ಕೋಲು ತಾಗಿ ಚೆಂಡು ಸ್ವಲ್ಪ ಸರಿಯಿತಪ್ಪ. ಅದಕ್ಕೆ ಒಂದು ದಂಡ."

"ನಾ ನೋಡಲಿಲ್ಲ."

"ನಾನು ನೋಡಿದೆನಲ್ಲ."

ಈ ಆಟಕ್ಕೆ ಅಂಪಾಯರ್ ಇಲ್ಲವಂತೆ. ಅವರವರ ಚೀಟಿ ಅವರವರೇ ಬರೆಯಬೇಕು. ಕಬಡ್ಡಿಯಲ್ಲಿ ಮುಟ್ಟಿದ್ದನ್ನೇ ಮುಟ್ಟಿಲ್ಲ ಎಂದು ಊರು ಒಂದು ಮಾಡುವ ಜನ ನಾವು. ಲಾರಿ ಲೈನಿನಲ್ಲಿ ಉಸ್ತಾದ್ ಮೊದಲ ದಿನವೇ ಹೇಳಿಕೊಟ್ಟಿದ್ದ, ಏನೇ ಆಗಲಿ ಮೊದಲು ಎದುರಿನವನ ಮೇಲೆ ಹಾಕು, ಆಮೇಲೆ ಕೆಳಗಿಳಿ. ಅದು ಕೆಲಸಕ್ಕೆ ಬರುವ ವಿದ್ಯೆ. ಚೆಂಡು ಗುಲಗಂಜಿಯಷ್ಟು ಸರಿದದ್ದಕ್ಕೆ ದಂಡ ಬರೆದುಕೊಳ್ಳುವವನು ಬೈಲಹೊಂಗಲ ಬಸ್‌ಸ್ಟ್ಯಾಂಡಿನಲ್ಲಿ ಒಂದು ದಿನ ಬಾಳಲಾರ.

ಈಗ ಯಾಕೋ ನೆನಪಾಯಿತು. ಮಾಳಪ್ಪ ಮಲಗಿದ್ದ ಎಂದು ಬರೆದೆನಲ್ಲ, ಪೂರ್ತಿ ಮಲಗಿರಲಿಲ್ಲ. ಕೂತಿದ್ದ. ಆದರೆ ಕೂತವನು ಎಚ್ಚರವಿದ್ದ ಎಂದು ಹೇಗೆ ಹೇಳುವುದು?

ಜುಲೈ ೧೫, ಬುಧವಾರ

ಮಳೆ. ಆಟವಿಲ್ಲ. ಕಿತ್ತುಬಂದ ಹುಲ್ಲಿನ ಹೆಂಟೆಗಳನ್ನು ಮತ್ತೆ ಕೂಡಿಸಿ ತುಳಿದೆ. ಆರೂ ಕುಳಿ ಎರಡು ಸಲ ಸುತ್ತಿದೆ. ಊರುಗೋಲನ್ನು ಶೆಡ್ಡಿನಲ್ಲೇ ಮರೆತು ಬಂದಿದ್ದೇನೆ.

ಜುಲೈ ೨೬, ರವಿವಾರ

ಸಾಹೇಬರು ಹಳೆಯದೊಂದು ಕೋಲು ಕೊಟ್ಟು "ಬರೀ ಹೊರೋದಲ್ಲ, ಆಡಿ ನೋಡು" ಎಂದಿದ್ದರು. ಇವತ್ತು ಯಾರೂ ಇರಲಿಲ್ಲ, ಒಂದನೇ ಕುಳಿ ಆಡಿದೆ. ಕೋಲು ಬೀಸಿದಾಗ ಮೊದಲ ಸಲ ಗಾಳಿ, ಎರಡನೇ ಸಲ ಮಣ್ಣು, ಮೂರನೇ ಸಲ ಚೆಂಡು. ಆದರೆ ಆ ಮೂರನೆಯದು ಎದ್ದು ಹಾರಿದ್ದು ನೋಡಬೇಕಿತ್ತು. ಕೈಗೆ ಏನೂ ತಾಗಿದಂತೆಯೇ ಆಗಲಿಲ್ಲ. ಬಾಯಿ ತೆರೆದು ನಿಂತುಬಿಟ್ಟೆ. ರಸ್ತೆಯ ಕಡೆ ಹೋದರೆ ಎಂದು "ಫೋರ್" ಎಂದು ಕೂಗಿದೆ. ಮುಂದಿದ್ದವರು ತಲೆ ಕಾಯ್ದುಕೊಳ್ಳಲಿ ಎಂದು ಹಾಗೆ ಕೂಗಬೇಕು. ಮುಂದೆ ಇದ್ದದ್ದು ಒಂದು ಎಮ್ಮೆ, ಅದು ತಲೆ ಎತ್ತಲಿಲ್ಲ.

ಪಾರ್ ನಾಲ್ಕು. ನಾನು ಎಂಟರಲ್ಲಿ ಮುಗಿಸಿದೆ. ಹೊಸಬನಿಗೆ ಎಂಟು ಎಂದರೆ ಕಮ್ಮಿಯಲ್ಲ.

ಜುಲೈ ೨೭, ಸೋಮವಾರ

ನಿನ್ನೆ ಎಂಟು ಎಂದು ಬರೆದದ್ದು ತಪ್ಪು. ಹನ್ನೊಂದು.

ಆಗಸ್ಟ್ ೧೧, ಮಂಗಳವಾರ

ಇಪ್ಪತ್ತಮೂರಕ್ಕೆ ಬೆಳಗಾವಿಯಿಂದ ಎಂಟು ಜನ ದೊಡ್ಡವರು ನಮ್ಮ ಮೈದಾನದಲ್ಲಿ ಆಡಲು ಬರುತ್ತಾರೆ. ಸಾಹೇಬರಿಗೆ ಮದುವೆ ಮನೆಯ ಗಡಿಬಿಡಿ. "ಇದು ಚೆನ್ನಾಗಾಗಲಿ ಹುಸೇನ್, ನಿನ್ನ ನವೆಂಬರ್ ವಿಷಯ ನಾನು ನೋಡ್ಕೋತೀನಿ" ಎಂದರು. ಇಷ್ಟು ಬಾಯಿಬಿಟ್ಟು ಹೇಳಿದ್ದು ಇದೇ ಮೊದಲು. ಸಂತೋಷಕ್ಕೆ ಕಾಶಿಂಬಿಗೆ ಸಂಪಗಾಂವದ ಅವಳ ತವರಿಗೆ ಹೋಗಿ ಬಾ ಎಂದೂ ಹೇಳಿದೆ. ಅವಳು ಅನುಮಾನದಿಂದ ನನ್ನ ಹಣೆ ಮುಟ್ಟಿ ನೋಡಿದಳು.

ಒಂದೇ ತೊಂದರೆ. ಆರನೇ ಗ್ರೀನ್ ಹಳದಿ ತಿರುಗಿದೆ. ಗೊಬ್ಬರದ ಪುಡಿ ಹಾಕಿದೆ, ನೀರು ಹಾಕಿದೆ, ಜಪ್ಪಯ್ಯ ಅನ್ನುತ್ತಿಲ್ಲ. ನನ್ನ ಅಪ್ಪ ಇದ್ದಿದ್ದರೆ ಏನು ಮಾಡುತ್ತಿದ್ದ ಎಂದು ಯೋಚಿಸಿದೆ. ಹೊಲ ಸೊರಗಿದರೆ ಅಪ್ಪ ಕುರಿ ತರುಬಿಸುತ್ತಿದ್ದ. ಕುರಿಗಾರನನ್ನು ಕರೆದು, ಎರಡು ರಾತ್ರಿ ಹಿಂಡನ್ನು ಹೊಲದಲ್ಲೇ ನಿಲ್ಲಿಸಿದರೆ ಹಿಕ್ಕಿ ಗಂಜಳ ಬಿದ್ದು ಮುಂದಿನ ಪೀಕು ಎದೆಯುದ್ದ ಬರುತ್ತಿತ್ತು. ಚೀಲದ ಗೊಬ್ಬರ ಅದರ ಮುಂದೆ ಯಾವ ಲೆಕ್ಕ? ಸಾಹೇಬರು ಮಿಲಿಟರಿಯವರು, ಅವರಿಗೆ ಇದೆಲ್ಲ ಏನು ಗೊತ್ತು. ಹಸಿರು ಮಾಡಿ ತೋರಿಸಿದ ಮೇಲೆ ಹೇಳಿದರಾಯಿತು.

ಈ ಸುತ್ತಿನಲ್ಲಿ ಈಗ ಖಾಲಿ ಇರುವ ಹಿಂಡು ಒಂದೇ. ಮಾಳಪ್ಪನದು.

ಆಗಸ್ಟ್ ೧೩, ಗುರುವಾರ

ಹೋದೆ. ಕೆರೆ ಏರಿಯ ಕೆಳಗೆ ಮೇಯಿಸುತ್ತಿದ್ದ. ನನ್ನನ್ನು ನೋಡಿ ಎದ್ದು ನಿಂತ, ಕಂಬಳಿ ಹೆಗಲಿಗೆ ಹಾಕಿಕೊಂಡ. ನಾನು ಮಳೆ, ಮೇವು ಎಂದೆಲ್ಲ ಸುತ್ತಿ ಬಳಸಿ ವಿಷಯಕ್ಕೆ ಬಂದೆ. ಗುರುವಾರ ಇಪ್ಪತ್ತಕ್ಕೆ ಸಾಹೇಬರು ಧಾರವಾಡಕ್ಕೆ ಹೋಗುತ್ತಾರೆ, ಅವತ್ತು ಸಂಜೆ ಹಿಂಡು ತಂದು ಬೇಲಿಯೊಳಗೆ ನಿಲ್ಲಿಸು ಎಂದೆ.

"ನನ್ನ ಕುರಿನ?" ಎಂದ.

"ಹೂಂ."

"ಸಣ್ಣ ಜಾಗಾ ಐತಿ, ಒಂದ ರಾತ್ರಿ ಸಾಕು. ರಂಟಿ ಯಾವಾಗ ಹೊಡಿತೀರಿ?"

"ಅಲ್ಲೆ ರಂಟಿ ಹೊಡಿಯೂದಿಲ್ಲ."

"ಹಂಗಾದ್ರ ಹಿಕ್ಕಿ ಎಲ್ಲಿಗಿ ಹೋಗತಾವ್ರಿ?"

"ಅದರ ಚಿಂತಿ ನಿನಗ್ಯಾಕ ಮಾರಾಯಾ" ಎಂದೆ. ರಂಟಿ ಹೂಡಿ ಉಳಲು ಅದೇನು ಹೊಲವೇ? ಕುರಿಗಾರನಿಂದ ಗಾಲ್ಫ್ ಕಲಿಯಬೇಕಾಗಿಲ್ಲ.

ಹೊರಡುವಾಗ ಅವನ ಹಿಂಡು ಈ ಮಳೆಗಾಲದಲ್ಲಿ ಖಾಲಿ ಯಾಕೆ ಎಂದು ಕೇಳಿದೆ. ಯಾರೂ ಕರೆಯುತ್ತಿಲ್ಲವಂತೆ. ಮಲಗಿಬಿಡುವ ಕುರಿಗಾರ, ಹೊಲಕ್ಕೆ ಕರೆದರೆ ಹಿಂಡು ಪಕ್ಕದವರ ಬೆಳೆಗೆ ನುಗ್ಗುತ್ತದೆ, ಜಗಳ ಯಾರಿಗೆ ಬೇಕು ಎನ್ನುತ್ತಾರಂತೆ. ಅಜ್ಜನ ಕಾಲದಿಂದ ಕರೆಯುತ್ತಿದ್ದ ಮನೆಗಳೂ ಬೇರೆಯವರನ್ನು ಕರೆದಿವೆ. ಇದನ್ನು ಅವನು ಹವಾಮಾನ ಹೇಳಿದಂತೆ ಹೇಳಿದ. ನಾನು ಬೀಡಿ ಕೊಟ್ಟೆ, ಒಲ್ಲೆ ಎಂದ.

ಸರಿ, ಅವನು ಅವತ್ತು ನಿಂತಿದ್ದ ಎಂದೇ ಇಟ್ಟುಕೊಳ್ಳೋಣ. ಕಂಬಳಿ ಬೀಸುತ್ತಿದ್ದ ಎಂದೂ ಇಟ್ಟುಕೊಳ್ಳೋಣ. ಮಂಜಿತ್ತಲ್ಲ. ಮಂಜಿನಲ್ಲಿ ಯಾರಿಗೆ ಏನು ಕಾಣುತ್ತದೆ?

ಆಗಸ್ಟ್ ೨೧, ಶುಕ್ರವಾರ

ಬೆಳಿಗ್ಗೆ ಹೋಗಿ ನೋಡಿದರೆ ಗ್ರೀನ್ ಕಾಣಲಿಲ್ಲ. ಹಿಕ್ಕಿ ಕಂಡಿತು. ಕರಿಕಡಲೆ ಚೆಲ್ಲಿದ ಹಾಗೆ, ಅಂಗೈ ಅಗಲ ಬಿಡದೆ. ನಡುನಡುವೆ ಗೊರಸಿನ ಕುಳಿ. ಮೈದಾನದಲ್ಲಿ ಆರು ಕುಳಿ ಇದ್ದದ್ದು ಈಗ ಎರಡು ಸಾವಿರ. ಹೊಲವಾದರೆ ರಂಟಿ ಹೊಡೆದು ಮಣ್ಣಿಗೆ ಸೇರಿಸುತ್ತಾರೆ. ಇಲ್ಲಿ? ಮಾಳಪ್ಪ ಕೇಳಿದ್ದು ಇದನ್ನೇ. ನನಗೆ ಆಗ ತಲೆಗೆ ಹೋಗಲಿಲ್ಲ, ದಡ್ಡ ನಾನು.

ಪಾಪ, ಅವನೇ ಹಿಂಡನ್ನು ಈಚೆ ಕಟ್ಟಿ ಕಸಬರಿಗೆ ಹಿಡಿದ. ನಾನೂ ಹಿಡಿದೆ. ಹಸಿ ಹುಲ್ಲಿಗೆ ಅಂಟಿದ್ದು ಬರುವುದಿಲ್ಲ. ಅರ್ಧ ಗುಡಿಸಿರಲಿಲ್ಲ, ಸಾಹೇಬರ ಜೀಪು ಬಂತು. ಇಳಿದರು, ಒಂದು ಚೆಂಡು ಇಟ್ಟು ಪಟರ್‌ನಿಂದ ದೂಡಿದರು. ಚೆಂಡು ಕುಪ್ಪಳಿಸುತ್ತ ಹೋಗಿ ಎಲ್ಲಿಯೋ ನಿಂತಿತು.

"ಯಾರ ಕುರಿ ಇವು?"

"ಚಚಡಿ ಮಾಳಪ್ಪಂದು ಸಾಹೇಬ್ರ."

"ನಿನ್ನ ಆಕ್ಸಿಡೆಂಟ್ ಟೈಮಲ್ಲಿ ಮಲಗಿದ್ದನಲ್ಲ, ಅವನೇನಾ? ನಿನ್ನೆನೂ ಮಲಗಿಬಿಟ್ಟನಾ? ಕುರಿ ಬೇಲಿ ಹಾರಿ ಬಂದುವಾ?"

ನಾನು ಟೊಪ್ಪಿಗೆ ತೆಗೆದು ಜಾಡಿಸಿದೆ. ಮತ್ತೆ ಹಾಕಿಕೊಂಡೆ. ಅಷ್ಟೇ.

"ವಾಚ್‌ಮನ್‌ಗೆ ಹೇಳು. ಇನ್ನು ಇವನ ಕುರಿ ನಮ್ಮ ಜಮೀನಿನ ಹತ್ತಿರ ಕಂಡರೆ ಹಿಡಿದು ಪಂಚಾಯಿತಿ ದೊಡ್ಡಿಗೆ ಕೂಡಿ ಹಾಕಲಿ" ಎಂದು ಹೋದರು. ಮಾಳಪ್ಪ ದೂರದಲ್ಲಿ ಬಗ್ಗಿ ಗುಡಿಸುತ್ತಿದ್ದ. ಅವನಿಗೆ ಕೇಳಿಸಲಿಲ್ಲ.

ಜುಮ್ಮಾಕ್ಕೆ ಹೋಗಿ ಎರಡನೇ ಸಾಲಿನಲ್ಲಿ ನಿಂತೆ. ಸಜ್ದಾದಲ್ಲಿ ಹಣೆ ನೆಲಕ್ಕೆ ಹಚ್ಚಿದರೆ ಕಣ್ಣ ಮುಂದೆ ಬರೀ ಹಿಕ್ಕಿ. ಮನೆಯಲ್ಲಿ ಕಾಶಿಂಬಿಗೆ ನಡೆದದ್ದು ಹೇಳಿದೆ.

"ಸಾಹೇಬ್ರು ಹಂಗ ಕೇಳಿದಾಗ ನೀವೇನಂದ್ರಿ?"

"ಏನೂ ಅನ್ನಲಿಲ್ಲ."

"ಹಂಗಾದ್ರ ಹೌದು ಅಂದಂಗ ಆತಲ್ರಿ" ಎಂದು ರೊಟ್ಟಿ ಬಡಿಯಲು ಕೂತಳು.

ಚೆಂಡು ಕೂದಲೆಳೆಯಷ್ಟು ಸರಿದರೂ ದಂಡ. ಬಾಯಿ ಬಿಡದಿದ್ದರೆ ಎಷ್ಟು? ಇದನ್ನು ಯಾರೂ ಓದುವುದಿಲ್ಲ, ಬರೆದೇಬಿಡುತ್ತೇನೆ. ಮಂಜು ಇರಲಿಲ್ಲ. ಫೆಬ್ರುವರಿಯ ಆ ಬೆಳಿಗ್ಗೆ ಕವ್ವಾಲಿಯ ಕ್ಯಾಸೆಟ್ಟು ಒಂದು ಬದಿ ಮುಗಿದಿತ್ತು. ನಾನು ತಲೆ ಬಗ್ಗಿಸಿ ಅದನ್ನು ತಿರುವಿ ಹಾಕುತ್ತಿದ್ದೆ. ತಲೆ ಎತ್ತಿದಾಗ ಮಾಳಪ್ಪ ನಡುರಸ್ತೆಯಲ್ಲಿ ಎರಡೂ ಕೈಯಲ್ಲಿ ಕಂಬಳಿ ಎತ್ತಿ ಹಿಡಿದು ನಿಂತಿದ್ದ.

ಆಗಸ್ಟ್ ೨೨, ಶನಿವಾರ

ಹೇಳಿದೆ.

ಆಫೀಸಿನಲ್ಲಿ ಅಲ್ಲ, ಆರನೇ ಗ್ರೀನಿನಲ್ಲೇ. ಸಾಹೇಬರು ಸೊಂಟಕ್ಕೆ ಕೈಕೊಟ್ಟು ನಿಂತಿದ್ದರು. ಕುರಿ ಹಾರಿ ಬರಲಿಲ್ಲ, ಕುರಿಗಾರ ಮಲಗಿರಲಿಲ್ಲ, ನಾನೇ ಕರೆಸಿದ್ದು ಎಂದೆ. ಯಾಕೆ ಎಂದರು. ತರುಬಿಸುವುದನ್ನು ವಿವರಿಸಿದೆ. ಅಪ್ಪನ ಹೊಲ, ಎದೆಯುದ್ದದ ಪೀಕು, ಎಲ್ಲ. ಸಾಹೇಬರ ಮೀಸೆ ಅಲುಗಲು ಶುರುವಾಯಿತು. ಬೈಗುಳ ಬಂತು ಅಂದುಕೊಂಡೆ, ನಗು ಬಂತು. "ಅಲ್ಲಯ್ಯಾ, ಗಾಲ್ಫ್ ಗ್ರೀನಿಗೆ ಕುರಿ ಮಲಗಿಸಿದ್ಯಾ" ಎಂದು ಕಣ್ಣೊರೆಸಿಕೊಂಡರು.

ಅಲ್ಲಿಗೆ ಬಿಡಬಹುದಿತ್ತು. ಅವರು ನಗುತ್ತಿದ್ದರು, ನವೆಂಬರ್ ಇನ್ನೂ ಕೈಯಲ್ಲಿತ್ತು. ಆದರೆ ಬಾಯಿ ನಿಲ್ಲಲಿಲ್ಲ. "ಇನ್ನೊಂದು ಐತ್ರಿ ಸಾಹೇಬ್ರ. ಫೆಬ್ರುವರಿದು" ಎಂದು ಕ್ಯಾಸೆಟ್ಟಿನಿಂದ ಕಂಬಳಿಯವರೆಗೆ ಹೇಳಿ ಮುಗಿಸಿದೆ. ಅವರ ನಗು ನಿಂತಿತು. ಧ್ವಜದ ಕೋಲನ್ನು ಕುಳಿಯಲ್ಲಿ ಒಂದು ಸಲ ತಿರುವಿದರು.

"ನೀನು ಹೇಳದಿದ್ದರೆ ನನಗೆ ಗೊತ್ತಾಗ್ತಿರಲಿಲ್ಲ."

"ಹೌದ್ರಿ."

"ಮುಂದಕ್ಕೆ ನಿನ್ನ ಕೈಗೆ ಲಾರಿ ಕೊಡೋಕೆ ನನ್ನಿಂದ ಆಗಲ್ಲ ಹುಸೇನ್. ಈ ಸೀಸನ್ನಿಗಲ್ಲ, ಯಾವ ಸೀಸನ್ನಿಗೂ."

"ಹೌದ್ರಿ."

"ಹೋಗಿ ಹೊಸ ಹೇಳಿಕೆ ಬರಿ. ನಿನ್ನ ಕೈಯಾರೆ. ಒಂದು ಪ್ರತಿ ಆಫೀಸಿಗೆ, ಒಂದು ಆ ಕುರಿಗಾರನಿಗೆ. ಸತ್ತ ಕುರಿಗಳ ಪರಿಹಾರ ಆಫೀಸಿನವರು ನೋಡ್ತಾರೆ." ನಾಲ್ಕು ಹೆಜ್ಜೆ ಹೋದವರು ತಿರುಗಿ, "ಬರೆದಾದ ಮೇಲೆ ಕಸಬರಿಗೆ ತಗೊಂಡು ಬಾ. ನಾಳೆ ಜನ ಬರ್ತಾರೆ" ಎಂದರು.

ಕೆಲಸ ಉಳಿಯಿತು, ಸ್ಟೇರಿಂಗ್ ಹೋಯಿತು. ಶೆಡ್ಡಿನ ಹಿಂದೆ ಕೂತು ಅತ್ತೆ. ಇಪ್ಪತ್ತೆರಡು ವರ್ಷ ಸಣ್ಣದಲ್ಲ. ಗೇರ್ ಬದಲಿಸಿದಾಗ ಗಾಡಿ ಉಸಿರು ಬಿಡುವ ಸದ್ದು ನನಗೆ ನನ್ನ ಹೆಂಡತಿಯ ದನಿಗಿಂತ ಚೆನ್ನಾಗಿ ಗೊತ್ತು. ಇದನ್ನು ಅವಳಿಗೆ ತೋರಿಸುವುದಿಲ್ಲ.

ಹೇಳಿಕೆ ಬರೆಯಲು ಎರಡು ಹಾಳೆ ಹಾಳಾದವು. ಮೂರನೆಯದು ಸರಿಹೋಯಿತು.

ಆಗಸ್ಟ್ ೨೩, ರವಿವಾರ

ಇವತ್ತಿನಷ್ಟು ನಾನು ಈ ವರ್ಷ ನಕ್ಕಿಲ್ಲ.

ಬೆಳಗಾವಿಯ ಎಂಟು ಜನ ಬಂದರು. ಬಿಳಿ ಬೂಟು, ಒಂದು ಕೈಗೆ ಮಾತ್ರ ಚರ್ಮದ ಗವಸು, ತಲೆಗೆ ಮುಂಚಾಚಿನ ಟೊಪ್ಪಿಗೆ. ಐದು ಕುಳಿ ಚೆನ್ನಾಗಿ ನಡೆಯಿತು. ಆರನೆಯದಕ್ಕೆ ಬಂದಾಗ ನಾನು ಎಲ್ಲರಿಗಿಂತ ಹಿಂದೆ ಉಳಿದೆ. ಗೊರಸಿನ ಕುಳಿಗಳನ್ನು ನಿನ್ನೆ ಸಂಜೆ ಮಣ್ಣು ತುಂಬಿ ತುಳಿದು ಮಟ್ಟ ಮಾಡಿದ್ದೆ, ಆದರೆ ಎಷ್ಟು ಗುಡಿಸಿದರೂ ಅಲ್ಲಲ್ಲಿ ಹಿಕ್ಕಿ ಉಳಿದಿತ್ತು. ಒಬ್ಬರು ಡಾಕ್ಟರು ಬಗ್ಗಿ ನೋಡಿ "ಇದೇನಿದು?" ಎಂದರು.

ಸಾಹೇಬರು ಗಂಭೀರವಾಗಿ ನಿಯಮ ಹೇಳಿದರು. ಗ್ರೀನಿನ ಮೇಲೆ ತಾನಾಗಿ ಬಿದ್ದ ಎಲೆ, ಕಡ್ಡಿ, ಸಗಣಿ, ಹಿಕ್ಕಿ ಇವನ್ನೆಲ್ಲ ಆಟಗಾರ ಕೈಯಿಂದ ತೆಗೆದು ದಾರಿ ಮಾಡಿಕೊಳ್ಳಬಹುದು. ದಂಡವಿಲ್ಲ. ಹಿಕ್ಕಿ ತಾನಾಗಿಯೇ ಬಿದ್ದದ್ದು, ಕುರಿ ಮಾತ್ರ ತಾನಾಗಿ ಬಂದದ್ದಲ್ಲ. ಡಾಕ್ಟರು, ವಕೀಲರು, ಒಬ್ಬರು ರಿಟೈರ್ಡ್ ಜಡ್ಜು, ಎಲ್ಲ ಕುಕ್ಕರಗಾಲಲ್ಲಿ ಕೂತು ಗವಸಿನ ಕೈಯಿಂದ ಒಂದೊಂದೇ ಹಿಕ್ಕಿ ಹೆಕ್ಕಿದರು, ಅಕ್ಕಿಯಲ್ಲಿ ಕಲ್ಲು ಆರಿಸಿದಂತೆ. ಜಡ್ಜು ಸಾಹೇಬರು ಹೆಕ್ಕಿದ್ದನ್ನು ಎಲ್ಲಿ ಹಾಕಬೇಕು ಎಂದು ಕೇಳಿದರು. ನಾನು ಬುಟ್ಟಿ ಹಿಡಿದೆ.

ಕುರಿ ಮೇಯ್ದ ಹುಲ್ಲಿನ ನುಣುಪು ಮಾತ್ರ ನಮ್ಮ ಯಂತ್ರಕ್ಕೆ ಬರುವುದಿಲ್ಲ. ಜಡ್ಜು ಸಾಹೇಬರು ಇಪ್ಪತ್ತು ಹೆಜ್ಜೆ ದೂರದಿಂದ ದೂಡಿದ ಚೆಂಡು ಸೀದಾ ಕುಳಿಗೆ ಬಿತ್ತು. ಅವರಿಗೆ ಬರ್ಡಿ. ಹಿಗ್ಗಿ ನನ್ನ ಕೈ ಕುಲುಕಿದರು, ಗವಸು ತೆಗೆಯದೆ.

ಆಗಸ್ಟ್ ೩೦, ರವಿವಾರ

ಒಂದು ವಾರ ತಳ್ಳಿದೆ. ಸಾಹೇಬರಿಗೆ ಹೇಳುವುದು ಬೇರೆ, ಮಾಳಪ್ಪನ ಮುಖ ನೋಡಿ ಹೇಳುವುದು ಬೇರೆ. ಇವತ್ತು ಕಾಶಿಂಬಿ ಬುತ್ತಿ ಕಟ್ಟಿ ಕೊಟ್ಟು ಬಾಗಿಲಲ್ಲಿ ನಿಂತಳು, ಹೋಗುವವರೆಗೂ ಸರಿಯಲಿಲ್ಲ. ಚಚಡಿ ಕ್ರಾಸಿನಲ್ಲಿ ಬಸ್ಸಿಳಿದು ಊರೊಳಗೆ ನಡೆದೆ.

ಮಾಳಪ್ಪನ ಮನೆ ಊರ ದೊಡ್ಡ ವಾಡೆಯ ಹಿಂದಿನ ಓಣಿಯಲ್ಲಿ. ಕಟ್ಟೆಯ ಮೇಲೆ ಅವನೂ ಮೂರು ನಾಲ್ಕು ಜನ ರೈತರೂ ಕೂತಿದ್ದರು. ಅವನ ಹೆಂಡತಿ ರಾಯವ್ವ ಒಳಗಿದ್ದಳು. ನನ್ನನ್ನು ನೋಡಿ ಬಾಗಿಲಿಗೆ ಬಂದು, ಚೌಕಟ್ಟಿಗೆ ಕೈಯಿಟ್ಟು ನಿಂತಳು. ಯಾರೂ ಬಾ ಎನ್ನಲಿಲ್ಲ, ಕೂಡು ಎನ್ನಲೂ ಇಲ್ಲ.

ಹೇಳಿಕೆಯ ಹಾಳೆ ಮಾಳಪ್ಪನ ಕೈಗೆ ಕೊಟ್ಟೆ. ಅವನು ತಿರುವಿ ನೋಡಿ ಮರಳಿ ಕೊಟ್ಟ. "ನನಗ ಓದಾಕ ಬರೂದಿಲ್ಲ. ನೀವ ಓದ್ರಿ. ಇವ್ರೂ ಕೇಳಲಿ."

ಓದಿದೆ. ಓಣಿಯಲ್ಲಿ ಹೋಗುತ್ತಿದ್ದವರೂ ನಿಂತರು. ಕ್ಯಾಸೆಟ್ಟಿನ ಸಾಲನ್ನೂ ಬಿಡದೆ ಓದಿದೆ. ಒಂದೆರಡು ಏಟು ಬಿದ್ದರೆ ತಿನ್ನೋಣ ಎಂದೇ ಬಂದಿದ್ದೆ.

ಮಾಳಪ್ಪ ಹೇಳಿದ, "ನನಗ ಗೊತ್ತಿತ್ತು. ಗಾಡಿ ಬರಾಗ ನಿಮ್ಮ ತಲಿ ಕೆಳಗಿತ್ತು, ನಾ ನೋಡೀನಿ. ಹೇಳೀನಿ ಸೈತ. ಯಾರು ಕೇಳ್ಯಾರ? ನಿಮ್ಮದು ಕಾಗದದ ಮ್ಯಾಲ ಇತ್ತು, ನಂದು ಬಾಯಿಮಾತು."

"ಗೊತ್ತಿದ್ದೂ ನಾ ಕರದಾಗ ಕುರಿ ಹೊಡಕೊಂಡು ಯಾಕ ಬಂದಿಪಾ?"

"ಆರು ತಿಂಗಳದಾಗ ನನ್ನ ಹಿಂಡು ಬೇಕು ಅಂತ ಕೇಳಿದವ್ರು ನೀವೊಬ್ರ ಇದ್ರಿ" ಎಂದ.

ತಪ್ಪಾಯಿತು ಎಂದೆ. ಇನ್ನೊಮ್ಮೆ ಎಂದೆ. ಕಟ್ಟೆಯ ಮೇಲಿದ್ದ ಮಡಿವಾಳೆಪ್ಪ ಎಂಬ ರೈತ ಕೆಮ್ಮಿ, ಮಾಳಪ್ಪನ ಮುಖ ನೋಡದೆ, "ನಮ್ಮ ಕೆರಿ ಕೆಳಗಿನ ಹೊಲ ಖಾಲಿ ಐತಿ. ನಾಳಿ ಹಿಂಡು ತಂದು ತರಬು" ಎಂದ. ಇನ್ನೊಬ್ಬ ನಾಡಿದ್ದು ನಮಗೆ ಎಂದ. ಮಾಳಪ್ಪ ಕಂಬಳಿಯ ಅಂಚನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತ.

ನಾನು ಹಾಳೆ ಮಡಚಿ ಅವನ ಪಕ್ಕದಲ್ಲಿಟ್ಟು ತಿರುಗಿದೆ.

"ನಿಂದರ್ರಿ" ಎಂದಳು ರಾಯವ್ವ. ಬಾಗಿಲು ಬಿಟ್ಟು ಕಟ್ಟೆಗೆ ಬಂದಳು. "ಅದರಾಗ ಇವರದೊಂದು ಸಾಲು ಇತ್ತಲ್ರಿ, ಅದಷ್ಟ ಓದ್ರಿ. ಜೋರಾಗಿ ಓದ್ರಿ, ಅತ್ತಿಯವರ ಕಿವಿ ಮಂದ ಅದಾವು, ಒಳಗ ಕೂತಾರ."

ಹಾಳೆ ಬಿಚ್ಚಿ ಹುಡುಕಿದೆ. "ಕುರಿಗಾರ ಮಾಳಪ್ಪನು ಎಚ್ಚರವಾಗಿದ್ದನು. ಹಿಂಡಿನ ಮುಂದೆ ನಿಂತು ಕಂಬಳಿ ಎತ್ತಿ ನನ್ನನ್ನು ತಡೆಯಲು ಯತ್ನಿಸಿದನು."

"ಇನ್ನೊಮ್ಮೆ."

ಗಂಟಲು ಹರಿಯುವಂತೆ ಓದಿದೆ. ಒಳಗಿನಿಂದ ಮುದುಕಿಯ ದನಿ, ಕೇಳಿಸಿತು ಎಂದಿತು.

ರಾಯವ್ವ ಒಳಗೆ ಹೋದಳು. ಬರುವಾಗ ಅವಳ ಒಂದು ಕೈಯಲ್ಲಿ ಮಜ್ಜಿಗೆಯ ತಂಬಿಗೆ, ಇನ್ನೊಂದರಲ್ಲಿ ಚಾಪೆ ಇತ್ತು. ಚಾಪೆಯನ್ನು ಮಾಳಪ್ಪನ ಪಕ್ಕದಲ್ಲಿ ಹಾಸಿ, "ಕುಂಡ್ರಿ" ಎಂದಳು.